ಮೂರು ಎಣಿಕೆ ಬಂದರೆ ವಾಲ್ಟ್ಸ್ ಆಗುತ್ತಾ?

ಹೊಸಹೆಜ್ಜೆ:
ಸ್ಲೋ ವಾಲ್ಟ್ಸ್‌ಗೆ (ಮೂರೆಣಿಕೆಯ ನಿಧಾನದ ಜೋಡಿ ನೃತ್ಯ) ಕನ್ನಡ ಹಾಡು ಹುಡುಕ್ತಾ ಇದೀನಿ. ಆರು ಮಾತ್ರೆಯ ದಾದ್ರಾ ತಾಳದಲ್ಲಿರೋ ಒಂದು ಭಾವಗೀತೆಗೆ ಒಂದು-ಎರಡು-ಮೂರು ಸರಿಯಾಗೇ ಕೂರುತ್ತೆ. ಮಾತ್ರೆಗೊಂದು ಹೆಜ್ಜೆ ಇಟ್ಟರೆ ಮಾತ್ರ ಓಡಿದ ಹಾಗಾಗುತ್ತೆ. ನಿಮಿಷಕ್ಕೆ ಎಷ್ಟು ಪೆಟ್ಟು ಅಂತ ಎಣಿಸೋ ಬಿಪಿಎಂ ಆ್ಯಪ್ 58 ಅಂತಿದೆ, ಅಂದ್ರೆ ನಿಧಾನದ ಹಾಡೇ ತಾನೆ?

ಮೂರುಮಾತ್ರೆ:
ಅಲ್ಲ. ಆ್ಯಪ್ ಎಣಿಸಿದ್ದು ಮೂರು ಮಾತ್ರೆಯ ಗುಂಪನ್ನು, ಅಂದ್ರೆ ಬಾರನ್ನು. 58ನ್ನು ಮೂರರಿಂದ ಗುಣಿಸಿ: 174 ಮಾತ್ರೆ, ಬೇಗ ಬೇಗ ಸುತ್ತೋ ವಿಯೆನೀಸ್ ವಾಲ್ಟ್ಸಿನ ಅಪ್ಪಟ ವೇಗ. ಸ್ಪರ್ಧೆಗಳಲ್ಲಿ ಸ್ಲೋ ವಾಲ್ಟ್ಸ್ ನಿಮಿಷಕ್ಕೆ 28–30 ಬಾರ್, ವಿಯೆನೀಸ್ 58–60. ಆ್ಯಪ್ ಬಿಡಿ, ಗಡಿಯಾರ ನೋಡ್ಕೊಂಡು 15 ಸೆಕೆಂಡಲ್ಲಿ ‘ಒಂದು’ ಎಷ್ಟು ಸಲ ಬಂತು ಎಣಿಸಿ. ಏಳು, ಏಳೂವರೆ ಬಂದರೆ ಸ್ಲೋ ವಾಲ್ಟ್ಸ್.

ವೇಗ ಹೊಂದಿದರೂ ತೂಕ ಎಲ್ಲಿ ಬೀಳುತ್ತೆ ನೋಡಬೇಕು. ಒಂದಕ್ಕೆ ಮಂಡಿ ಸಡಿಲಿಸಿ ಉದ್ದ ಹೆಜ್ಜೆ. ಅದರ ಕೊನೆಗೆ ಮೈ ಏಳೋಕೆ ಶುರು, ಎರಡು-ಮೂರರಲ್ಲಿ ಇನ್ನೂ ಮೇಲೆ, ಮೂರರ ಕೊನೆಗೆ ಇಳಿತ. ಹಾಗಾಗಿ ಒಂದಕ್ಕೆ ಬೇಸ್ ಗಟ್ಟಿಯಾಗಿ ಕೇಳಬೇಕು, ಉಳಿದೆರಡು ಹಗುರವಾಗಿ ಎಳೀಬೇಕು. ದಾದ್ರಾದಲ್ಲಿ ನಾಲ್ಕನೇ ಮಾತ್ರೆ ಖಾಲಿ, ಅಂದ್ರೆ ಒತ್ತಿಲ್ಲದ ಪೆಟ್ಟು. ಅಲ್ಲಿ ತಬಲಾ ಜೋಡಿಯ ಎಡಗೈ ವಾದ್ಯ ಬಾಯಾದ ಗುಂಯ್ ಸಣ್ಣಗಾದರೆ ಎರಡನೇ ಬಾರಿನ ‘ಒಂದು’ ಟೊಳ್ಳು. ಬಲಕ್ಕೆ ಸುತ್ತೋ ನ್ಯಾಚುರಲ್ ಟರ್ನ್‌ನಲ್ಲಿ ಗಂಡಸು ಎಡಗಾಲು ಹಿಂದಿಡೋದು ಸರಿಯಾಗಿ ಅಲ್ಲೇ. ಆಧಾರ ಸಿಗದೆ ತಿರುವು ಅರ್ಧಕ್ಕೇ ನಿಲ್ಲುತ್ತೆ.

ಕೀಲಾಕ್:
ಸಾಫ್ಟ್‌ವೇರಲ್ಲಿ ನಿಧಾನ ಮಾಡೋದಕ್ಕೂ ಮಿತಿ ಇದೆ. ನಿಮಿಷಕ್ಕೆ 32 ಬಾರಿನ ಹಾಡನ್ನು 30ಕ್ಕೆ ಇಳಿಸಿದರೆ 6% ಚಿಲ್ಲರೆ. ಶ್ರುತಿ ಇಳಿಯದಂತೆ ಕೀ ಲಾಕ್ ಹಾಕಿದರೆ ಯಾರಿಗೂ ಗೊತ್ತಾಗಲ್ಲ. 38ನ್ನು 30ಕ್ಕೆ ತಂದರೆ 21%. ದನಿ ಕಲಸಿಹೋಗುತ್ತೆ, ತಬಲಾ ಪೆಟ್ಟು ಒದ್ದೆ ಬಟ್ಟೆಗೆ ಹೊಡೆದ ಹಾಗಿರುತ್ತೆ. ಅಂಥ ನಡುವಿನ ವೇಗದ ಹಾಡು ಸ್ಲೋಗೂ ವಿಯೆನೀಸಿಗೂ ಬೇಡ.

ಇನ್ನೊಂದು, ಶುರುವಿನ ಆಲಾಪ ಕತ್ತರಿಸಿ. ತಾಳ ಇಲ್ಲದ ಅರ್ಧ ನಿಮಿಷ ಜೋಡಿ ಕೈಹಿಡಿದು ನಿಂತಿರಬೇಕಾಗುತ್ತೆ.

ಹೊಸಹೆಜ್ಜೆ:
ಹಾಗಾದ್ರೆ ಇದೇ ಹಾಡಿಗೆ ವಿಯೆನೀಸ್ ಮಾಡಬಹುದಾ?

ಮೂರುಮಾತ್ರೆ:
ಧಾರಾಳವಾಗಿ, ತಾಳ ಎಲ್ಲೂ ಕಡಿಯದಿದ್ದರೆ. ಸುತ್ತುವ ರಭಸದಲ್ಲೇ ಬೀಳದೆ ನಿಲ್ಲೋ ನೃತ್ಯ ಅದು. ಪಲ್ಲವಿ ಕೊನೆಗೆ ಗಾಯಕರು ಎಳೆದು ನಿಲ್ಲಿಸಿದರೆ ಜೋಡಿ ಒಂಟಿಕಾಲಲ್ಲಿ ತೂಗಾಡುತ್ತೆ. ಮದುವೆ ಮನೆಗಾದರೆ 54 ಬಾರ್ ಇದ್ದರೂ ನಡೆಯುತ್ತೆ. ಬಲಸುತ್ತು ಆರು ಹೆಜ್ಜೆ, ಎರಡು ಬಾರ್. ಎಡಕ್ಕೆ ಬದಲಾಯಿಸೋ ಚೇಂಜ್ ಸ್ಟೆಪ್ ಮೂರು ಹೆಜ್ಜೆ, ಒಂದು ಬಾರ್. ಎಂಟು ಬಾರಿನ ಸಾಲಿಗೆ ಮೂರು ಬಲಸುತ್ತು, ಒಂದು ಚೇಂಜ್ ಹಾಕಿದರೆ ಏಳೇ ಆಗುತ್ತೆ. ಮೊದಲ ಬಾರ್ ಸುಮ್ಮನೆ ತೂಗಿ, ಎರಡನೇದರಿಂದ ಸುತ್ತು ಶುರು ಮಾಡಿ.