ಏಳು ವರ್ಷದ ಮಗಳಿಗೆ ನೆಟ್‌ಬಾಲ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೆಲ್ಬರ್ನ್‌ಗೆ ಬಂದು ಎರಡು ವರ್ಷ ಆಯ್ತು. ಶಾಲೆಯ ಗೆಳತಿಯರೆಲ್ಲ ಸೇರಿದ್ರು ಅಂತ ಮಗಳನ್ನೂ ಇಲ್ಲಿನ ಮಕ್ಕಳ ನೆಟ್‌ಬಾಲ್ ತರಬೇತಿ ನೆಟ್‌ಸೆಟ್‌ಗೋಗೆ ಸೇರಿಸಿದ್ವಿ. ಅಪ್ಪ ಅಮ್ಮಂದಿರೂ ಕಲಿಸೋಕೆ ಬರಬೇಕಂತೆ, ನನ್ನ ಹೆಸರು ಬರೆದುಕೊಂಡೇ ಬಿಟ್ಟಿದ್ದಾರೆ! ನಾನು ಆಡಿದ್ದು ಹೈಸ್ಕೂಲಿನಲ್ಲಿ ಥ್ರೋಬಾಲ್ ಮಾತ್ರ. ನಿಯಮ ಓದಿ ತಲೆ ಕೆಟ್ಟುಹೋಯ್ತು. ಜಿಎಸ್ (ಗೋಲ್ ಶೂಟರ್), ಜಿಎ (ಗೋಲ್ ಅಟ್ಯಾಕ್), ಡಬ್ಲ್ಯೂಡಿ (ವಿಂಗ್ ಡಿಫೆನ್ಸ್) ಅಂತ ಒಬ್ಬೊಬ್ಬರ ಜಾಗಕ್ಕೆ ಒಂದೊಂದು ಹೆಸರು, ಇದನ್ನೆಲ್ಲ ಮಕ್ಕಳಿಗೆ ಹೇಗೆ ಹೇಳೋದು?

ಉತ್ತರ: ಸದ್ಯಕ್ಕೆ ಹೇಳಲೇಬೇಡಿ. ಎದೆ ಮೇಲೆ ಅಕ್ಷರ ಹಾಕಿಕೊಂಡು ಗೆರೆ ದಾಟಬಾರದು ಅಂತ ನಿಂತ ಮಗು ಆಡೋದಿಲ್ಲ, ಗೆರೆ ಕಾಯುತ್ತೆ. ನಾನು ಕಲಿಸೋಕೆ ಶುರು ಮಾಡಿದ ವರ್ಷ ಇದೇ ತಪ್ಪು ಮಾಡಿದ್ದೆ. ಕೋರ್ಟಿನ ಮೂರು ಭಾಗ ತೋರಿಸಿ ಅರ್ಧ ಗಂಟೆ ಪಾಠ ಮಾಡಿ ತಿರುಗಿ ನೋಡಿದರೆ, ಸೆಂಟರ್ ಆಡಬೇಕಾದ ಹುಡುಗಿ ಅಂಚಿನಲ್ಲಿ ಕೂತು ಹುಲ್ಲು ಕೀಳ್ತಿದ್ದಳು.

ಒಂದೊಂದು ತಂಡಕ್ಕೆ ಏಳು ಜನ, 30.5 ಮೀಟರ್ ಉದ್ದದ ಕೋರ್ಟು, ಗೋಲು ಹಾಕೋ ರಿಂಗಿಗೆ 3.05 ಮೀಟರ್ ಎತ್ತರದ ಕಂಬ, ಇವೆಲ್ಲ ದೊಡ್ಡವರ ಆಟ. ನೆಟ್‌ಸೆಟ್‌ಗೋ ಇರೋದು 5ರಿಂದ 10 ವರ್ಷದವರಿಗೆ. ಚಿಕ್ಕವರಿಗೆ ಕಂಬ 2.4 ಮೀಟರ್, ಚೆಂಡು 4ನೇ ಸೈಜು. ಅಷ್ಟು ಇಳಿಸಿದ ಮೇಲೂ ಕಷ್ಟ ಅಂತ ಉಳಿಯೋದು ಒಂದೇ, ಕಾಲು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪುಟಿಸಿಕೊಂಡು ಓಡಬಹುದು, ಇಲ್ಲಿ ಆಗೋದಿಲ್ಲ. ಓಡ್ತಾ ಬಂದು ಚೆಂಡು ಹಿಡಿದವಳು ಅಲ್ಲೇ ನಿಲ್ಲಬೇಕು, 3 ಸೆಕೆಂಡಿನೊಳಗೆ ಎಸೆಯಬೇಕು.

ಚೆಂಡು ಹಿಡಿದಾಗ ಮೊದಲು ನೆಲ ಮುಟ್ಟಿದ ಕಾಲನ್ನು ನಾನು ‘ಗೂಟದ ಕಾಲು’ ಅಂತೀನಿ. ಹಸು ಗೂಟದ ಸುತ್ತ ತಿರುಗೋ ಹಾಗೆ ಅದರ ಮೇಲೆ ತಿರುಗಬಹುದು, ಇನ್ನೊಂದು ಕಾಲನ್ನು ಬೇಕಾದ ಕಡೆ ಇಡಬಹುದು. ಗೂಟದ ಕಾಲನ್ನೂ ಎತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟೋದರೊಳಗೆ ಚೆಂಡು ಕೈ ಬಿಟ್ಟಿರಬೇಕು. ಆ ಕಾಲಿನಲ್ಲಿ ಕುಂಟೋ ಹಾಗಿಲ್ಲ, ಅದನ್ನ ಎಳೆಯೋ ಹಾಗೂ ಇಲ್ಲ. ಎರಡೂ ಕಾಲು ಒಟ್ಟಿಗೆ ಊರಿದರೆ ಯಾವುದು ಗೂಟ ಅನ್ನೋದು ಅವಳ ಇಷ್ಟ.

ಇದನ್ನ ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗೋದಿಲ್ಲ. ಚೆಂಡಿಲ್ಲದೆ ಸ್ಟ್ಯಾಚ್ಯೂ ಆಡಿಸಿ: ಓಡ್ತಿರಲಿ, ನೀವು ಚಪ್ಪಾಳೆ ತಟ್ಟಿದ ತಕ್ಷಣ ನಿಲ್ಲಲಿ. ಆಮೇಲೆ ನಮ್ಮ ಕುಂಟೆಬಿಲ್ಲೆ. ನಗಬೇಡಿ, ಒಂಟಿ ಕಾಲಲ್ಲಿ ಜಿಗಿದು ಅಲುಗದೆ ನಿಲ್ಲೋದನ್ನ ಅದರಷ್ಟು ಚೆನ್ನಾಗಿ ಕಲಿಸೋ ಆಟ ನಾನು ಕಂಡಿಲ್ಲ. ಇಲ್ಲಿನ ಮಕ್ಕಳಿಗೂ ಬಹಳ ಇಷ್ಟ. ಇಳಿಯುವಾಗ ಮಂಡಿ ಬಗ್ಗಿರಲಿ, ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕಿರಲಿ. ‘ಬೆಕ್ಕಿನ ಥರ, ಸದ್ದಾಗಬಾರದು’ ಅಂದರೆ ಸಾಕು, ತಾವೇ ಬಗ್ತಾರೆ. ಗಕ್ಕನೆ ನಿಲ್ಲೋ ಆಟ ಆದ್ದರಿಂದ ಮಂಡಿಗೆ ಪೆಟ್ಟು ಬೀಳೋದು ಇದರಲ್ಲಿ ಜಾಸ್ತಿ. ಈ ಅಭ್ಯಾಸ ಈಗಲೇ ಆಗಬೇಕು.

ಇನ್ನು ನಿಮ್ಮ ಥ್ರೋಬಾಲು. ಚೆಂಡು ಹಿಡಿದು 3 ಸೆಕೆಂಡಿನಲ್ಲಿ ಎಸೆಯೋದು ಅಲ್ಲೂ ಇತ್ತಲ್ಲ? ಆ ಕೈ ನಿಮಗಿನ್ನೂ ಇರುತ್ತೆ. ಭುಜದ ಮೇಲಿಂದ ಒಂದೇ ಕೈಯಲ್ಲಿ ಬೀಸೋದನ್ನ ಮಾತ್ರ ಮಕ್ಕಳಿಗೆ ಆಮೇಲೆ ತೋರಿಸಿ. ಮೊದಲು ಚೆಸ್ಟ್ ಪಾಸ್: ಎರಡೂ ಕೈ, ಒಂದು ಹೆಜ್ಜೆ ಮುಂದೆ, ಗೆಳತಿಯ ಎದೆಗೆ ಗುರಿ.

ಪ್ರಶ್ನೆ: ಮೇಡಂ, ಹಾಸನ ಜಿಲ್ಲೆಯ ಹಳ್ಳಿ ಶಾಲೆಯೊಂದರ ಪಿಟಿ ಮೇಷ್ಟ್ರು ನಾನು. ಶಾಲಾ ಕ್ರೀಡೆಗಳಲ್ಲಿ ನೆಟ್‌ಬಾಲೂ ಇದೆ, ನಮ್ಮಲ್ಲಿ ಕಂಬವೂ ಇಲ್ಲ, ಚೆಂಡೂ ಇಲ್ಲ. ಬ್ಯಾಸ್ಕೆಟ್‌ಬಾಲ್ ಒಂದಿದೆ, ನಡೆಯುತ್ತಾ?

ಉತ್ತರ: ಬೇಡ ಸರ್. ಅದು 600 ಗ್ರಾಂ ಹತ್ತಿರ ತೂಗುತ್ತೆ, ನೆಟ್‌ಬಾಲ್ ದೊಡ್ಡವರದ್ದೇ 400ರಿಂದ 450. ಪುಟ್ಟ ಬೆರಳು ಉಳುಕಿಸಿಕೊಂಡ ಮಗು ಮಾರನೇ ದಿನ ಚೆಂಡು ಕಂಡರೆ ಮುಖ ತಿರುಗಿಸುತ್ತೆ. ಶಾಲೆಯಲ್ಲಿ ಹಳೇ ವಾಲಿಬಾಲ್ ಇದ್ದೇ ಇರುತ್ತಲ್ಲ, ಅದೇ ಸಾಕು. ಹಗುರ, ಅಳತೆಯೂ ಹತ್ತಿರ. ರಿಂಗಿನ ಒಳ ಅಳತೆ 38 ಸೆಂ.ಮೀ. ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಬಳೆ ಮಾಡಿಸಿ ಪೈಪಿಗೆ ಕೂರಿಸಿ, ಚೂಪು ಅಂಚು ಮಾತ್ರ ಉಳಿಯದಂತೆ ನೋಡಿಕೊಳ್ಳಿ. ಹಿಂದೆ ಬೋರ್ಡ್ ಬೇಡ. ಬೋರ್ಡಿಗೆ ಬಡಿದು ಒಳಗೆ ಬೀಳೋ ಅದೃಷ್ಟ ಈ ಆಟದಲ್ಲಿಲ್ಲ, ಚೆಂಡು ಮೇಲಿಂದಲೇ ಇಳಿಯಬೇಕು. ಅಂದಹಾಗೆ, ಆಸ್ಟ್ರೇಲಿಯಾದಲ್ಲಿ 1970ರವರೆಗೆ ಇದನ್ನ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಅಂತಲೇ ಕರೀತಿದ್ದರು.

ಅಡ್ಡಗಟ್ಟೋರು ಚೆಂಡು ಹಿಡಿದವಳಿಂದ 0.9 ಮೀಟರ್ ದೂರ ಇರಬೇಕು. ನಿಮ್ಮ ಮಕ್ಕಳಿಗೆ ‘ಒಂದು ಗಜ’ ಅನ್ನಿ, ಹೆಚ್ಚುಕಮ್ಮಿ ಅಷ್ಟೇ.

ಪ್ರಶ್ನೆ: ನಮ್ಮ ಮಗಳು ಚೆಂಡು ಬರ್ತಿದ್ದ ಹಾಗೇ ಕಣ್ಣು ಮುಚ್ಚಿಬಿಡ್ತಾಳೆ. ಗದರಿದರೆ ಅಳ್ತಾಳೆ.

ಉತ್ತರ: ಗದರಬೇಡಿ ಅಣ್ಣಾ, ಭಯ ಅದು. ಮನೆಯಲ್ಲಿ ಬಲೂನಿನಿಂದ ಶುರು ಮಾಡಿ. ಆಮೇಲೆ ಮೆತ್ತನೆ ಚೆಂಡು, ಎರಡು ಹೆಜ್ಜೆ ದೂರದಿಂದ, ಕೆಳಗಿನಿಂದ ಎತ್ತಿ ಹಾಕಿ. ಹೆಬ್ಬೆರಳು ಎರಡೂ ಹತ್ತಿರ, ಮಿಕ್ಕ ಬೆರಳು ಬಿಡಿಸಿರಲಿ, ಸಿಕ್ಕ ತಕ್ಷಣ ಎದೆಗೆ ಎಳೆದುಕೊಳ್ಳಲಿ. ಚೆಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅಕ್ಷರ ಬರೆದು ‘ಹಿಡಿಯುವಾಗ ಯಾವ ಅಕ್ಷರ ಕಾಣ್ತು?’ ಅಂತ ಕೇಳಿ. ಅಕ್ಷರ ಓದಬೇಕಾದರೆ ಕಣ್ಣು ಬಿಡಲೇಬೇಕಲ್ಲ. ಉಗುರು ಕತ್ತರಿಸಿ ಕಳಿಸಿ. ಬಳೆ, ಓಲೆ, ಕಾಲ್ಗೆಜ್ಜೆ ಮನೆಯಲ್ಲೇ ಇರಲಿ. ಪಂದ್ಯದಲ್ಲಿ ಅಂಪೈರ್ ಉಗುರು ನೋಡಿಯೇ ಒಳಗೆ ಬಿಡೋದು.

(ಮೊದಲು ಕೇಳಿದವರು, ಮುಂದಿನ ವಾರ): ಮೇಡಂ, ಸ್ಟ್ಯಾಚ್ಯೂ, ಕುಂಟೆಬಿಲ್ಲೆ ಎರಡೂ ಸೂಪರ್! ಆದರೆ ಚೆಂಡು ಕೊಟ್ಟು ಆಟ ಶುರು ಮಾಡಿದ ತಕ್ಷಣ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಹದಿನಾಲ್ಕೂ ಜನ ಚೆಂಡಿನ ಮೇಲೆ. ಇಬ್ಬರು ಬಿದ್ದರು.

ಉತ್ತರ: ಹದಿನಾಲ್ಕು ಜನಕ್ಕೆ ಒಂದೇ ಚೆಂಡು ಕೊಟ್ಟರೆ ಇನ್ನೇನಾಗುತ್ತೆ! ಮೂರು ಗುಂಪು ಮಾಡಿ, ಗುಂಪಿನಲ್ಲಿ ಒಂದೊಂದು ತಂಡಕ್ಕೆ ಇಬ್ಬರೋ ಮೂವರೋ ಇರಲಿ, ಗುಂಪಿಗೊಂದು ಚೆಂಡು. ಗೋಲು ಬೇಡ, ಬೀಳಿಸದೆ ಐದು ಪಾಸಾದರೆ ಒಂದು ಪಾಯಿಂಟ್. ಎಸೆದವಳು ಅಲ್ಲೇ ನಿಂತರೆ ಆ ಪಾಸು ಲೆಕ್ಕಕ್ಕಿಲ್ಲ, ಖಾಲಿ ಜಾಗಕ್ಕೆ ಓಡಲೇಬೇಕು. ಎರಡು ಮೂರು ವಾರದಲ್ಲಿ ದೂರ ನಿಂತವರಿಗೇ ಚೆಂಡು ಸಿಗೋದು ಅಂತ ತಾವೇ ಕಂಡುಕೊಳ್ತಾರೆ. ಅಲ್ಲಿಗೆ ಬಂದಾಗ ಅಕ್ಷರದ ಬಿಬ್ ಹಂಚಿ, ಪ್ರತಿ ಕ್ವಾರ್ಟರಿಗೂ ಬದಲಿಸಿ. ಉದ್ದ ಇದ್ದಾಳೆ ಅಂತ ಒಬ್ಬಳನ್ನೇ ಯಾವಾಗಲೂ ಕಂಬದ ಕೆಳಗೆ ನಿಲ್ಲಿಸಬೇಡಿ. ಈಗ ಉದ್ದ ಇರೋಳು ಹನ್ನೆರಡಕ್ಕೆ ಎಲ್ಲರಿಗಿಂತ ಗಿಡ್ಡ ಆಗಿರಬಹುದು, ಆಗ ಓಡಿ ಅಭ್ಯಾಸವೇ ಇರೋದಿಲ್ಲ ಪಾಪ.

ಬಿದ್ದ ಇಬ್ಬರು ಹೇಗಿದ್ದಾರೆ?

— ಆರಾಮಾಗಿದ್ದಾರೆ ಮೇಡಂ. ಒಬ್ಬಳು ನಮ್ಮವಳೇ. ಮನೆಗೆ ಬಂದು ‘ಅಮ್ಮಾ, ಗೂಟ ಕಿತ್ತುಹೋಯ್ತು’ ಅಂದಳು.