ಉದ್ಯಾನ, ವಾಚನಾಲಯ, ಲಿಫ್ಟ್: ಸ್ಪೀಕರ್ ಹಾಕಿಕೊಂಡು ಮಾತನಾಡುವವರ ವಿಷಯದಲ್ಲಿ ಏನು ಮಾಡೋಣ?

ಮನೆ 27:
ಎಲ್ಲರಿಗೂ ನಮಸ್ಕಾರ. ಸಂಘದ ಸಭೆಗೆ ಹೋಗುವ ಮೊದಲು ಈ ವಿಷಯವನ್ನು ಇಲ್ಲಿ ಎತ್ತುತ್ತಿದ್ದೇನೆ. ಸಂಜೆ ಉದ್ಯಾನದ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಸಾಕು, ಯಾರ ಸಾಲದ ಕಂತು ಬಾಕಿ ಇದೆ, ಯಾರ ಅತ್ತೆಗೆ ಯಾವ ಪರೀಕ್ಷೆಯ ವರದಿ ಬಂದಿದೆ, ಯಾರ ಮೇಲಧಿಕಾರಿ ಎಂಥ ಸಿಡುಕ ಎಂಬುದೆಲ್ಲ ತಿಳಿದುಬಿಡುತ್ತದೆ. ಇದನ್ನು ತಿಳಿದುಕೊಳ್ಳಬೇಕೆಂದು ನಾನು ಯಾರನ್ನೂ ಕೇಳಿಲ್ಲ. ಮೊಬೈಲನ್ನು ಬಾಯಿಯ ಮುಂದೆ ತಟ್ಟೆಯಂತೆ ಅಡ್ಡ ಹಿಡಿದು, ಸ್ಪೀಕರ್ ಹಾಕಿ, ನಡೆಯುತ್ತ ಕೂಗುವ ಅಭ್ಯಾಸ ಈಗ ಎಲ್ಲ ವಯಸ್ಸಿನವರಿಗೂ ಅಂಟಿದೆ. ವಾಚನಾಲಯದಲ್ಲಿ ಪತ್ರಿಕೆ ಓದುವವರ ಪಕ್ಕದಲ್ಲೇ ಕಿರು ವಿಡಿಯೊಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಒಂದೇ ನಗೆಯ ತುಣುಕನ್ನು ಹತ್ತಾರು ಸಲ ಕೇಳಬೇಕು. ಲಿಫ್ಟಿನಲ್ಲಿ ವಿಡಿಯೊ ಕರೆ ನಡೆಯುತ್ತಿದ್ದರೆ ಹಿಂದೆ ನಿಂತ ನಾವೂ ಪರಿಚಯವೇ ಇಲ್ಲದವರ ಪರದೆಯ ಮೇಲೆ ಮೂಡುತ್ತೇವೆ. ಈ ಮೂರೂ ಜಾಗಗಳಲ್ಲಿ ಮೊಬೈಲ್ ಬಳಕೆಯನ್ನೇ ನಿಷೇಧಿಸಿ, ತಪ್ಪಿದವರಿಗೆ ದಂಡ ಹಾಕಬೇಕು ಎಂಬುದು ನನ್ನ ಸಲಹೆ.

ಮನೆ 41:
ಪೂರ್ಣ ಬೆಂಬಲ. ಹೇಳಿ ನೋಡಿ ಸಾಕಾಗಿದೆ. ದಂಡವಿಲ್ಲದೆ ಯಾರೂ ಬಗ್ಗುವುದಿಲ್ಲ.

ಮನೆ 63:
ದಂಡವೆಂದರೆ ದಿನವೂ ಜಗಳ. ವಾಚನಾಲಯದಲ್ಲಿ ಸಿಗ್ನಲ್ ತಡೆಯುವ ಜಾಮರ್ ಒಂದನ್ನು ಕೂರಿಸಿದರೆ ಮಾತಿಲ್ಲದೆ ಕೆಲಸ ಮುಗಿಯುತ್ತದಲ್ಲ?

ಮನೆ 12:
63ರವರೇ, ದಯವಿಟ್ಟು ಆ ಯೋಚನೆ ಬಿಡಿ. ಖಾಸಗಿಯವರು ಜಾಮರ್ ಬಳಸುವುದು ಬಹುತೇಕ ದೇಶಗಳಲ್ಲಿ ಕಾನೂನುಬಾಹಿರ, ಅದಕ್ಕೆ ತಕ್ಕ ಕಾರಣವೂ ಇದೆ. ಜಾಮರ್‌ಗೆ ಹರಟೆ ಯಾವುದು, ಆಂಬುಲೆನ್ಸ್‌ಗೆ ಮಾಡಿದ ಕರೆ ಯಾವುದು ಎಂದು ಗೊತ್ತಾಗುವುದಿಲ್ಲ. ಅದರ ಅಲೆ ವಾಚನಾಲಯದ ಗೋಡೆಗೆ ನಿಲ್ಲುವುದೂ ಇಲ್ಲ, ಪಕ್ಕದ ಮನೆಗಳಿಗೂ ನುಗ್ಗುತ್ತದೆ. ಅಲ್ಲದೆ ಕಿರು ವಿಡಿಯೊ ಮೊದಲೇ ಇಳಿಸಿಕೊಂಡಿದ್ದರೆ ಜಾಮರ್ ಇದ್ದರೂ ಓಡುತ್ತದೆ!

ದಂಡದ ಬಗ್ಗೆ ಒಂದು ಮಾತು. ನ್ಯೂಯಾರ್ಕ್ ನಗರ 2003ರಲ್ಲಿ ನಾಟಕ, ಸಿನಿಮಾ, ಸಂಗೀತ ಕಛೇರಿಗಳ ನಡುವೆ ಮೊಬೈಲ್ ಬಳಸಿದವರಿಗೆ 50 ಡಾಲರ್ ದಂಡ ಎಂದು ನಿಯಮ ಮಾಡಿತು. ಇದನ್ನು ಜಾರಿಗೆ ತರುವುದು ಅಸಾಧ್ಯವೆಂದು ಮೇಯರ್ ತಡೆದರು. ನಗರಸಭೆ ಅವರ ತಡೆಯನ್ನು ಮೀರಿ ಅಂಗೀಕರಿಸಿತು. ಅಷ್ಟು ದೊಡ್ಡ ನಗರದಲ್ಲೇ ಕತ್ತಲ ಸಭಾಂಗಣದೊಳಗೆ ದಂಡದ ಚೀಟಿ ಹರಿದು ಕೊಡುವವರು ಯಾರು ಎಂಬ ಪ್ರಶ್ನೆ ಎದ್ದಿತ್ತು. ನಮ್ಮಲ್ಲಿ ಆ ಕೆಲಸ ಕಾವಲುಗಾರರ ತಲೆಗೆ ಬೀಳುತ್ತದೆ. ನಿವಾಸಿಗಳಿಂದಲೇ ಸಂಬಳ ಪಡೆಯುವವರು ನಿವಾಸಿಗಳಿಗೆ ದಂಡ ಹಾಕುತ್ತಾರೆಯೇ?

ಮನೆ 41:
ಹಾಗಾದರೆ ಕೈಕಟ್ಟಿ ಕೂರಬೇಕೇ? ಮೊನ್ನೆ ಒಬ್ಬರು ಉದ್ಯಾನದ ನಡುವೆ ನಿಂತು ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನೂ ಆಮೇಲೆ ಬಂದ ಒಟಿಪಿಯನ್ನೂ ಗಟ್ಟಿಯಾಗಿ ಓದಿ ಹೇಳಿದರು. ಬರೆದುಕೊಳ್ಳಲು ನನ್ನ ಬಳಿ ಪೆನ್ನೂ ಇತ್ತು. ಅವರ ಅದೃಷ್ಟ, ನಾನು ಪದಬಂಧ ಬಿಡಿಸುವುದರಲ್ಲಿದ್ದೆ.

ಮನೆ 19:
ಧ್ವನಿಗೆ ಸಂಬಂಧಿಸಿದ ಕೆಲಸದಲ್ಲಿರುವುದರಿಂದ ನಾಲ್ಕು ಮಾತು. ಪಕ್ಕದ ಬೆಂಚಿನಲ್ಲಿ ಇಬ್ಬರು ಎದುರುಬದುರು ಕುಳಿತು ಮಾತನಾಡಿದರೆ ನಮಗೆ ಅಷ್ಟು ಕಿರಿಕಿರಿ ಆಗುವುದಿಲ್ಲ. ಒಬ್ಬರು ಮೊಬೈಲಿನಲ್ಲಿ ಮಾತನಾಡಿದರೆ ಆಗುತ್ತದೆ. ಇದು ನಮ್ಮ ಅಸಹನೆಯಷ್ಟೇ ಅಲ್ಲ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಟರಿಂದ ಒಂದೇ ಸಂಭಾಷಣೆಯನ್ನು ಸಾರ್ವಜನಿಕ ಸ್ಥಳಗಳಲ್ಲಿ ಒಮ್ಮೆ ಎದುರುಬದುರಾಗಿ, ಒಮ್ಮೆ ಮೊಬೈಲಿನಲ್ಲಿ ಆಡಿಸಿ, ಸುತ್ತಲಿದ್ದವರ ಅಭಿಪ್ರಾಯ ಕೇಳಿದರು. ಧ್ವನಿ ಅಷ್ಟೇ ಇದ್ದರೂ ಮೊಬೈಲ್ ಮಾತೇ ಹೆಚ್ಚು ಕಾಡಿತು. ಧ್ವನಿ ಏರಿದಾಗ ಎರಡೂ ಬಗೆಯ ಮಾತು ಇನ್ನಷ್ಟು ಕಾಡಿದವು. 2010ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಕಾರಣವನ್ನು ಬೆದಕಿದರು. ಏಕಾಗ್ರತೆ ಬೇಡುವ ಕೆಲಸದಲ್ಲಿ ತೊಡಗಿದವರ ಕಿವಿಗೆ ಇಡೀ ಸಂಭಾಷಣೆ ಬಿದ್ದಾಗ ಕೆಲಸ ಕೆಡಲಿಲ್ಲ; ಒಬ್ಬರ ಕಡೆಯ ಮಾತಷ್ಟೇ, ಅಂದರೆ ಅರ್ಧ ಸಂಭಾಷಣೆ ಬಿದ್ದಾಗ ಕೆಟ್ಟಿತು. ಆ ಅರ್ಧ ಮಾತನ್ನೇ ಅರ್ಥವಾಗದಂತೆ ಮಸುಕುಗೊಳಿಸಿ ಕೇಳಿಸಿದಾಗ ತೊಂದರೆ ಮಾಯವಾಯಿತು. ಅಂದರೆ ಮುಂದಿನ ಮಾತು ಏನಿರಬಹುದೆಂದು ಮನಸ್ಸು ತನ್ನಷ್ಟಕ್ಕೇ ಊಹಿಸುತ್ತ ಹೋಗುತ್ತದೆ, ಊಹೆಗೆ ಆಧಾರವಿಲ್ಲದಾಗ ಒದ್ದಾಡುತ್ತದೆ. 'ನಿಮ್ಮ ಪಾಡಿಗೆ ನೀವಿರಿ, ಕೇಳಿಸಿಕೊಳ್ಳಬೇಡಿ' ಎನ್ನುವವರಿಗೆ ಇದೇ ಉತ್ತರ. ಕೇಳಿಸಿಕೊಳ್ಳದೆ ಇರುವುದು ನಮ್ಮ ಕೈಯಲ್ಲಿಲ್ಲ.

ಮಾತನಾಡುವವರು ಬೇಕೆಂದೇ ಕೂಗುತ್ತಾರೆ ಎನ್ನುವುದೂ ಪೂರ್ತಿ ನಿಜವಲ್ಲ. ಸುತ್ತ ಗದ್ದಲವಿದ್ದರೆ ಮನುಷ್ಯನ ದನಿ ಅರಿವಿಲ್ಲದೆ ಏರುತ್ತದೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲೇ ದಾಖಲಿಸಿದ್ದರು. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಉದ್ಯಾನದಲ್ಲಿ ಸಂಜೆ ಆರರ ಹೊತ್ತಿಗೆ ಆಗುವುದು ಇದೇ.

ಮನೆ 8:
ನನಗೆ ಎಂಬತ್ತು ಸಮೀಪಿಸಿದೆ. ಆ ತಟ್ಟೆ ಹಿಡಿದವರಲ್ಲಿ ನಾನೂ ಒಬ್ಬ, ಅದಕ್ಕೆ ನಾಚಿಕೆಯೇನೂ ಇಲ್ಲ. ಮೊಬೈಲನ್ನು ಕಿವಿಗೊತ್ತಿದರೆ ಶ್ರವಣ ಸಾಧನ ಶಿಳ್ಳೆ ಹೊಡೆಯುತ್ತದೆ, ಅದನ್ನು ತೆಗೆದರೆ ಮಗಳ ಮಾತು ಕೇಳಿಸುವುದಿಲ್ಲ. ಸ್ಪೀಕರ್ ಬಿಟ್ಟು ನನಗೆ ಬೇರೆ ದಾರಿ ಏನಿದೆ? ಇನ್ನು 19ರವರ ವಿಜ್ಞಾನವನ್ನೇ ಹಿಡಿದು ಕೇಳುತ್ತೇನೆ. ಅರ್ಧ ಮಾತು ಕಾಡುತ್ತದೆ, ಇಡೀ ಮಾತು ಕಾಡುವುದಿಲ್ಲ ಎಂದಾದರೆ, ಸ್ಪೀಕರ್ ಹಾಕಿ ಎರಡೂ ಕಡೆಯ ಮಾತನ್ನು ಕೇಳಿಸುತ್ತಿರುವ ನಾನು ನಿಮಗೆಲ್ಲ ಉಪಕಾರವನ್ನೇ ಮಾಡುತ್ತಿದ್ದೇನಲ್ಲ?

ಮನೆ 27:
ಹಿರಿಯರೇ, ಇದಕ್ಕೆ ಏನು ಹೇಳಬೇಕೋ ತಿಳಿಯದೆ ನಗುತ್ತಿದ್ದೇನೆ.

ಮನೆ 19:
ಒಳ್ಳೆಯ ಪಟ್ಟು, ಸರ್. ಆದರೆ ಅದು ಪೂರ್ತಿ ಕೂರುವುದಿಲ್ಲ. ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಕೆಳಸ್ತರದ ಧ್ವನಿ ಹೊರಡಿಸುವ ಶಕ್ತಿ ಇಲ್ಲ. ಹೊರಡುವುದು ತೆಳುವಾದ, ಚುಚ್ಚುವ ಧ್ವನಿ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ನಡುವೆ, ಆ ಧ್ವನಿ ಬಂದು ತಾಗುವುದೂ ಅಲ್ಲಿಗೇ. ಆದ್ದರಿಂದ ಹತ್ತು ಹೆಜ್ಜೆ ಆಚೆ ಕುಳಿತವರಿಗೆ ಆ ಕಡೆಯ ಮಾತು ಅರ್ಥವಾಗುವಷ್ಟು ಸ್ಪಷ್ಟವಾಗಿ ತಲುಪುವುದಿಲ್ಲ, ಕರ್ಕಶತೆ ಮಾತ್ರ ತಲುಪುತ್ತದೆ. ಮೊಬೈಲ್ ದೂರವಿದೆ ಎಂದು ಈ ಕಡೆಯವರೂ ದನಿ ಏರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಮಾತು ಇಡೀ ಉದ್ಯಾನಕ್ಕೆ ಕೇಳಿಸುತ್ತಿದೆ ಎಂಬುದು ಆ ತುದಿಯಲ್ಲಿರುವವರಿಗೆ ಗೊತ್ತೇ ಇರುವುದಿಲ್ಲ. ಮಗಳು ನಿಮ್ಮೊಬ್ಬರಿಗೆ ಹೇಳುತ್ತಿದ್ದಾರೆ, ನಮಗಲ್ಲ.

ನಿಮ್ಮ ತೊಂದರೆಗೆ ದಾರಿ ಇದೆ. ಈಚಿನ ಅನೇಕ ಶ್ರವಣ ಸಾಧನಗಳಿಗೆ ಬ್ಲೂಟೂತ್ ಇರುತ್ತದೆ. ಜೋಡಿಸಿಬಿಟ್ಟರೆ ಕರೆಯ ಧ್ವನಿ ನೇರವಾಗಿ ಸಾಧನಕ್ಕೇ ಬರುತ್ತದೆ, ಶಿಳ್ಳೆಯೂ ಇರುವುದಿಲ್ಲ. ಬ್ಲೂಟೂತ್ ಇಲ್ಲದಿದ್ದರೂ ಕೆಲವದರಲ್ಲಿ ಟೆಲಿಕಾಯಿಲ್ ಎಂಬ ಸೌಲಭ್ಯವಿದೆ, ಅದು ಹೊಂದುವ ಮೊಬೈಲ್ ಬೇಕು. ನಿಮ್ಮದು ಯಾವುದೆಂದು ನೋಡಿ ಹೇಳುತ್ತೇನೆ, ಸಂಜೆ ಮನೆಗೆ ಬರಲೇ?

ಸಾಧನ ಬಳಸದವರಿಗೂ ಒಂದು ಮಾತು. ಕರೆಯ ಧ್ವನಿಯ ಮಟ್ಟವೂ ರಿಂಗಿನ ಮಟ್ಟವೂ ಬೇರೆ ಬೇರೆ. ಕರೆ ನಡೆಯುತ್ತಿರುವಾಗಲೇ ಪಕ್ಕದ ಗುಂಡಿ ಒತ್ತಿದರೆ ಮಾತ್ರ ಕಿವಿಯ ಬಳಿಯ ಧ್ವನಿ ಹೆಚ್ಚುತ್ತದೆ. ಇದು ಗೊತ್ತಿಲ್ಲದೆ 'ನನ್ನ ಮೊಬೈಲಿನಲ್ಲಿ ಕೇಳಿಸುವುದೇ ಇಲ್ಲ' ಎಂದು ಸ್ಪೀಕರ್ ಹಾಕುವವರು ಬಹಳ. ಒಂದು ಕಿವಿ ಮಾತ್ರ ಚೆನ್ನಾಗಿ ಕೇಳಿಸುವವರಿಗೆ, ಎರಡೂ ಬದಿಯ ಧ್ವನಿಯನ್ನು ಸೇರಿಸಿ ಒಂದೇ ಇಯರ್‌ಫೋನಿನಲ್ಲಿ ಕೊಡುವ ವ್ಯವಸ್ಥೆ ಸೆಟ್ಟಿಂಗ್‌ನಲ್ಲೇ ಇದೆ.

ಮನೆ 8:
ಬನ್ನಿ. ಆದರೆ ಸಾಧನ ಹಳೆಯದು. ಅದರಲ್ಲಿ ನೀವು ಹೇಳಿದ್ದು ಯಾವುದೂ ಇಲ್ಲದಿದ್ದರೆ ನನ್ನನ್ನು ಉದ್ಯಾನದಿಂದ ಹೊರಗೆ ಹಾಕುತ್ತೀರಾ ಎಂಬುದಕ್ಕೆ ಸಂಘದವರು ಉತ್ತರ ಕೊಡಲಿ.

ಮನೆ 33:
ನನ್ನದು ಬೇರೆಯದೇ ತೊಂದರೆ. ಎರಡು ಕೋಣೆಯ ಮನೆ, ಒಳಗೆ ಓದುವ ಮಕ್ಕಳು, ಮಲಗಿರುವ ಅಮ್ಮ. ಕಚೇರಿಯ ಕರೆ ಬಂದರೆ ಉದ್ಯಾನಕ್ಕೇ ಬರಬೇಕು. ನಾನು ಸ್ಪೀಕರ್ ಹಾಕುವುದಿಲ್ಲ, ಇಯರ್‌ಫೋನಿನಲ್ಲೇ ಮಾತನಾಡುತ್ತೇನೆ. 27ರವರು ಹೇಳಿದಂತೆ ಪೂರ್ತಿ ನಿಷೇಧವಾದರೆ ನಾನು ಎಲ್ಲಿಗೆ ಹೋಗಲಿ? ಮಕ್ಕಳ ಆಟದಂಕಣದ ಪಕ್ಕದಲ್ಲಿ ಸ್ಪೀಕರ್ ಜೋರಾಗಿಟ್ಟು ವಿಡಿಯೊ ಆಟ ಆಡುವ ಹುಡುಗರ ಗುಂಪಿಗೂ ನನಗೂ ಒಂದೇ ನಿಯಮವೇ?

ಮನೆ 12:
33ರವರ ಪ್ರಶ್ನೆಯಲ್ಲೇ ನನಗೆ ದಾರಿ ಕಾಣುತ್ತಿದೆ. ಅಮೆರಿಕದ ಕೆಲವು ಆಮ್‌ಟ್ರಾಕ್ ರೈಲುಗಳಲ್ಲಿ 2000ನೇ ಇಸವಿಯ ಆಸುಪಾಸಿನಿಂದ ಒಂದು ನಿಶ್ಶಬ್ದ ಬೋಗಿ ಇದೆ. ಅದು ಮೇಲಿನಿಂದ ಇಳಿದ ಆಜ್ಞೆಯಲ್ಲ. ಬೆಳಗಿನ ರೈಲಿನಲ್ಲಿ ನಿತ್ಯ ಓಡಾಡುವವರು ತಮಗೊಂದು ಬೋಗಿ ಬಿಟ್ಟುಕೊಡಿ ಎಂದು ಕೇಳಿ ಪಡೆದದ್ದು. ಇಡೀ ರೈಲನ್ನು ಅವರು ಬಾಯಿ ಮುಚ್ಚಿಸಲಿಲ್ಲ. ನಾವೂ ಹಾಗೆಯೇ ಮಾಡಬಹುದು. ಉದ್ಯಾನದ ಪಂಪ್‌ಮನೆಯ ಕಡೆ ಮನೆಗಳೂ ಇಲ್ಲ, ಬೆಂಚುಗಳಲ್ಲಿ ಕೂರುವವರೂ ಕಡಿಮೆ. ಕರೆಗಳಿಗೆ ಆ ಬದಿ. ಹಿರಿಯರ ಸಾಧನ ಕೈಕೊಟ್ಟರೆ ಅವರು ಸ್ಪೀಕರ್ ಹಾಕಿಕೊಳ್ಳುವುದೂ ಅಲ್ಲಿಯೇ. ಉಳಿದ ಉದ್ಯಾನದಲ್ಲಿ ಸ್ಪೀಕರ್ ಇಲ್ಲ. ವಾಚನಾಲಯದಲ್ಲಿ ಕರೆಯೂ ಇಲ್ಲ. ಬಾಗಿಲ ಹೊರಗೆ ಹೋಗಿ ಮಾತನಾಡಿ ಬರಲು ಎಷ್ಟು ಹೊತ್ತು ಬೇಕು? ಜಪಾನಿನ ರೈಲುಗಳಲ್ಲಿ ಪ್ರಯಾಣಿಕರು ಮೊಬೈಲನ್ನು ಮೌನಕ್ಕೆ ಹಾಕಿಕೊಂಡು ಕರೆ ಮಾಡದೆ ಇರುವುದು ರೂಢಿಯೇ ಆಗಿದೆ. ಅಲ್ಲಿ ಆ ಕೆಲಸ ನಡೆಯುತ್ತಿರುವುದು ಮತ್ತೆ ಮತ್ತೆ ಮಾಡುವ ಪ್ರಕಟಣೆಯಿಂದ, ದಂಡದಿಂದಲ್ಲ.

ಮನೆ 41:
ಅದು ಜಪಾನ್. ಇಲ್ಲಿ ಪ್ರಕಟಣೆ ಮಾಡಿದರೆ ಅದನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ.

ಕಾರ್ಯದರ್ಶಿ, ನಿವಾಸಿಗಳ ಸಂಘ:
ಚರ್ಚೆಯನ್ನೆಲ್ಲ ಓದಿದೆ. ಪೂರ್ಣ ನಿಷೇಧವನ್ನು ನಾನು ಸಭೆಯ ಮುಂದೆ ಇಡುವುದಿಲ್ಲ, ಅದು ಮೊದಲ ದಿನವೇ ಮುರಿಯುತ್ತದೆ. ದಂಡಕ್ಕೂ ಸಂಘದ ಉಪನಿಯಮಗಳಲ್ಲಿ ಜಾಗವಿಲ್ಲ. 12ರವರ ಸಲಹೆಯನ್ನು ಕರಡಾಗಿ ತೆಗೆದುಕೊಳ್ಳುತ್ತೇನೆ. ಹಿರಿಯರ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ: ಪಂಪ್‌ಮನೆಯ ಬದಿ ಅವರಿಗೆ ಸದಾ ತೆರೆದಿರುತ್ತದೆ. ಅಲ್ಲಿಯ ಮುರಿದ ಬೆಂಚನ್ನು ಮೊದಲು ಸರಿಪಡಿಸುತ್ತೇವೆ, ಇಲ್ಲದಿದ್ದರೆ ಜನರನ್ನು ಅತ್ತ ಕಳುಹಿಸುವುದು ನ್ಯಾಯವಲ್ಲ. ಲಿಫ್ಟಿನ ವಿಷಯದಲ್ಲಿ, ಒಳಗೆ ಬೇರೆಯವರಿದ್ದಾಗ ವಿಡಿಯೊ ಕರೆ ಬೇಡ ಎಂದಷ್ಟೇ ಸಾಕು. ಹೆಚ್ಚೆಂದರೆ ಒಂದು ನಿಮಿಷದ ಪ್ರಯಾಣ.

ಫಲಕದ ಮಾತು ಹೀಗಿದೆ: 'ಇಲ್ಲಿ ಸ್ಪೀಕರ್ ಬೇಡ. ಕರೆಗಳಿಗೆ ಪಂಪ್‌ಮನೆಯ ಬದಿ.' ಕೆಳಗೆ ದಾರಿ ತೋರುವ ಬಾಣ.

ಸಮುದಾಯ ಭವನಕ್ಕೂ ಒಂದು ಸೂಚನೆ ಬೇಕು. ಅಲ್ಲಿ ಕಾರ್ಯಕ್ರಮದ ಮೊದಲು 'ಮೊಬೈಲ್ ಮೌನಕ್ಕೆ ಹಾಕಿ' ಎನ್ನುತ್ತೇವೆ, ಎಲ್ಲರೂ ಹಾಕುತ್ತಾರೆ, ಆದರೂ ನಡುವೆ ಒಂದು ಕೂಗುತ್ತದೆ. 19ರವರೇ, ಏಕೆ?

ಮನೆ 19:
ಅಲಾರಂ. ಅನೇಕ ಮೊಬೈಲುಗಳಲ್ಲಿ ರಿಂಗ್ ಮೌನವಾಗಿದ್ದರೂ ಅಲಾರಂ ಹೊಡೆಯುತ್ತದೆ. ಬೆಳಗ್ಗೆ ಎಬ್ಬಿಸಬೇಕಲ್ಲ, ಅದಕ್ಕೇ ಹಾಗೆ ಮಾಡಿದ್ದಾರೆ. 2012ರ ಜನವರಿಯಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಕಛೇರಿಯ ಕೊನೆಯ, ಅತಿ ಮೆಲುದನಿಯ ಭಾಗದಲ್ಲಿ ಮುಂದಿನ ಸಾಲಿನಿಂದ ಅಲಾರಂ ಹೊಡೆಯತೊಡಗಿ, ನಿರ್ದೇಶಕ ಆಲನ್ ಗಿಲ್ಬರ್ಟ್ ನುಡಿಸುವಿಕೆಯನ್ನೇ ನಿಲ್ಲಿಸಬೇಕಾಯಿತು. ಮೊಬೈಲಿನವರು ಅದನ್ನು ಮೌನಕ್ಕೆ ಹಾಕಿಯೇ ಇದ್ದರು. ಹೊಸ ಮೊಬೈಲು, ಅದರಲ್ಲಿ ಅಲಾರಂ ಇಟ್ಟಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಭವನದ ಪ್ರಕಟಣೆಯಲ್ಲಿ 'ಪೂರ್ತಿ ಆರಿಸಿ, ಇಲ್ಲವೇ ಅಲಾರಂ ತೆಗೆಯಿರಿ' ಎಂದು ಹೇಳಬೇಕು.

ಮನೆ 27:
ಪೂರ್ಣ ನಿಷೇಧದ ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಫಲಕ ನೆಟ್ಟ ಮೇಲೂ ಸ್ಪೀಕರ್ ಹಾಕಿದವರಿಗೆ ಹೇಳುವವರು ಯಾರು? ನಾನೊಬ್ಬಳೇ ಹೇಳಿ ಹೇಳಿ ಉದ್ಯಾನದಲ್ಲಿ ನನಗೊಂದು ಹೆಸರೂ ಬಿದ್ದಿದೆ.

ಮನೆ 33:
ನಾನು ಜೊತೆಗಿರುತ್ತೇನೆ, ಮೇಡಂ. ಗದರಿಸುವುದಕ್ಕಿಂತ, ಹತ್ತಿರ ಹೋಗಿ 'ನಿಮ್ಮ ಮಾತೆಲ್ಲ ಆ ಬೆಂಚಿನವರೆಗೆ ಕೇಳಿಸುತ್ತಿದೆ' ಎಂದು ಮೆಲ್ಲಗೆ ಹೇಳಿದರೆ ಹೆಚ್ಚಿನವರು ಗಾಬರಿಯಾಗಿ ತಾವೇ ಸ್ಪೀಕರ್ ಆರಿಸುತ್ತಾರೆ. ಆಟದ ಹುಡುಗರ ಮನೆಗಳು ನನಗೆ ಗೊತ್ತು, ಅವರ ತಂದೆತಾಯಿಯರೊಡನೆ ನಾನೇ ಮಾತನಾಡುತ್ತೇನೆ.

ಮನೆ 63:
ಜಾಮರ್ ಬೇಡವೆಂದರಲ್ಲ, ಫಲಕದ ಕೆಲಸವಾದರೂ ನನಗೆ ಕೊಡಿ. ತಗಡೂ ಬಣ್ಣವೂ ಮನೆಯಲ್ಲೇ ಇವೆ.

ಮನೆ 41:
ಆಗಲಿ, ನೆಡಿ. ಮೂರು ತಿಂಗಳು ನೋಡುತ್ತೇನೆ. ಬದಲಾಗದಿದ್ದರೆ ಉಪನಿಯಮ ತಿದ್ದಿ ದಂಡ ಸೇರಿಸುವ ಪ್ರಸ್ತಾವವನ್ನು ನಾನೇ ತರುತ್ತೇನೆ.

ಕಾರ್ಯದರ್ಶಿ, ನಿವಾಸಿಗಳ ಸಂಘ:
ತನ್ನಿ, 41ರವರೇ. ಮೂರು ತಿಂಗಳ ನಂತರದ ಸಭೆಯ ಕಾರ್ಯಸೂಚಿಗೆ ಈಗಲೇ ಸೇರಿಸುತ್ತೇನೆ. ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಸಮುದಾಯ ಭವನದಲ್ಲಿ ಕರಡಿನ ಮೇಲೆ ಮತ ಹಾಕೋಣ. ಸಭೆ ಮುಗಿದ ಮೇಲೆ 19ರವರು ಅಲ್ಲೇ ಕುಳಿತು ಕರೆಯ ಧ್ವನಿ, ಶ್ರವಣ ಸಾಧನ, ಇಯರ್‌ಫೋನ್ ಜೋಡಣೆಗಳನ್ನು ಬಂದವರಿಗೆಲ್ಲ ಮಾಡಿಕೊಡಲು ಒಪ್ಪಿದ್ದಾರೆ. ಮೊಬೈಲ್ ತನ್ನಿ, ಅಲಾರಂ ತೆಗೆದು ತನ್ನಿ.

ಮನೆ 8:
19ರವರು ಬಂದು ಹೋದರು. ನನ್ನ ಸಾಧನದಲ್ಲಿ ಬ್ಲೂಟೂತ್ ಇಲ್ಲ, ಟೆಲಿಕಾಯಿಲ್ ಇದೆಯಂತೆ. ಆದರೆ ಅದಕ್ಕೆ ಹೊಂದುವ ಮೊಬೈಲ್ ನನ್ನದಲ್ಲ. ಮಗಳಿಗೆ ತಿಳಿಸಿದ್ದೇನೆ. ಅಲ್ಲಿಯವರೆಗೆ ನಾನು ಪಂಪ್‌ಮನೆಯ ಬದಿಯಲ್ಲೇ. ಆ ಬೆಂಚು ಭಾನುವಾರದೊಳಗೆ ಆಗಬೇಕು, ಫಲಕದ ಅಕ್ಷರಗಳು ದೊಡ್ಡದಾಗಿರಬೇಕು. ನನಗೆ ಕಣ್ಣೂ ಅಷ್ಟಕ್ಕಷ್ಟೇ.