ಕೈಂಡ್‌ನಲ್ಲಿ ಒಂದು ನೋಡ್ ಇದ್ದಾಗ ಸರಿ, ನಾಲ್ಕು ಹಾಕಿದರೆ ಕ್ಯೂಬ್-ಪ್ರಾಕ್ಸಿ ಬೀಳುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ, 16 ಜಿಬಿ ರ‍್ಯಾಮ್. ಡಾಕರ್ ಮೇಲೆ ಕೈಂಡ್ (ಒಂದೇ ಲ್ಯಾಪ್‌ಟಾಪ್‌ನಲ್ಲಿ ಕುಬರ್ನೆಟಿಸ್ ಕ್ಲಸ್ಟರ್ ಓಡಿಸುವ ಸಾಧನ) ಹಾಕಿಕೊಂಡು, ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ನಡೆಸುವ ಕುಬರ್ನೆಟಿಸ್ ಕಲಿಯುತ್ತಿದ್ದೇನೆ. ಒಂದೇ ನೋಡ್ (ಕ್ಲಸ್ಟರ್‌ನಲ್ಲಿ ಒಂದು ಯಂತ್ರದ ಸ್ಥಾನದಲ್ಲಿರುವುದು) ಇದ್ದಾಗ ಏನೂ ತೊಂದರೆ ಇರಲಿಲ್ಲ. ಒಂದು ನೋಡ್ ಸತ್ತರೆ ಅದರಲ್ಲಿದ್ದ ಪಾಡ್‌ಗಳು (ಆ್ಯಪ್‌ನ ಕಂಟೇನರ್ ಓಡುವ ಘಟಕಗಳು) ಏನಾಗುತ್ತವೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು. ಅದಕ್ಕೆ ಯಾಮೆಲ್ ಫೈಲ್‌ನಲ್ಲಿ ಒಂದು ಕಂಟ್ರೋಲ್ ಪ್ಲೇನ್ (ಕ್ಲಸ್ಟರನ್ನು ನಿಯಂತ್ರಿಸುವ ನೋಡ್), ಮೂರು ವರ್ಕರ್ (ಪಾಡ್ ಓಡಿಸುವ ನೋಡ್) ಬರೆದು ಹೊಸ ಕ್ಲಸ್ಟರ್ ಮಾಡಿದೆ. ಹೆಸರು 'ಅಭ್ಯಾಸ'.

ನಾಲ್ಕೂ ನೋಡ್ 'ರೆಡಿ' ಅಂತಲೇ ತೋರಿಸುತ್ತವೆ. ಆದರೆ ಕೊನೆಯ ಎರಡು ವರ್ಕರ್‌ಗಳ ಕ್ಯೂಬ್-ಪ್ರಾಕ್ಸಿ (ಸರ್ವಿಸ್‌ಗೆ ಬಂದ ಕರೆಯನ್ನು ಸರಿಯಾದ ಪಾಡ್‌ಗೆ ಕಳಿಸುವ ಭಾಗ) ಪಾಡ್ ಮಾತ್ರ 'ಕ್ರ್ಯಾಶ್ ಲೂಪ್ ಬ್ಯಾಕ್ ಆಫ್', ಅಂದರೆ ಮತ್ತೆ ಮತ್ತೆ ಬೀಳುತ್ತಿದೆ. ಅರ್ಧ ಗಂಟೆಯಲ್ಲಿ 9 ಸಲ ರೀಸ್ಟಾರ್ಟ್ ಆಗಿದೆ. ಆ ನೋಡ್‌ಗಳಲ್ಲಿರುವ ಪಾಡ್‌ಗಳಿಂದ ಸರ್ವಿಸ್ ಹೆಸರು ಹಿಡಿದು ಕರೆದರೆ ಉತ್ತರವೇ ಬರುವುದಿಲ್ಲ. ಕ್ಲಸ್ಟರ್ ಅಳಿಸಿ ಮೂರು ಸಲ ಹೊಸದಾಗಿ ಮಾಡಿದೆ, ಪ್ರತಿ ಸಲವೂ ಇದೇ ಕಥೆ.

ಉತ್ತರ 1

ರ‍್ಯಾಮ್ ಸಾಲುತ್ತಿಲ್ಲವೇನೋ. ವಿಎಸ್ ಕೋಡ್, ಬ್ರೌಸರ್ ಎಲ್ಲ ಮುಚ್ಚಿ ನೋಡಿ. ಹಾಗೇ ಬಿದ್ದ ಪಾಡ್‌ನ ಲಾಗ್‌ನಲ್ಲಿ ಕೊನೆಯ ಸಾಲು ಏನಿದೆ ಅಂತ ಹಾಕಿ.

ಪ್ರಶ್ನೆ ಕೇಳಿದವರು

ಎಲ್ಲ ಮುಚ್ಚಿ ನೋಡಿದೆ, ವ್ಯತ್ಯಾಸ ಇಲ್ಲ. 7 ಜಿಬಿ ಖಾಲಿಯೇ ಇದೆ. ಲಾಗ್‌ನ ಕೊನೆಯಲ್ಲಿ 'ಟೂ ಮೆನಿ ಓಪನ್ ಫೈಲ್ಸ್' ಅಂತಿದೆ. ಅದನ್ನು ನೋಡಿ ಯುಲಿಮಿಟ್‌ನಲ್ಲಿ ಫೈಲ್ ಮಿತಿಯನ್ನು 65535ಕ್ಕೆ ಏರಿಸಿದೆ. ಆದರೂ ಬೀಳುತ್ತಿದೆ.

ಉತ್ತರ 2

ಆ ಸಾಲು ಹಾಕಿದ್ದು ಒಳ್ಳೆಯದಾಯಿತು. ನಾನೂ ಇದರಲ್ಲಿ ಎರಡು ದಿನ ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಇಲ್ಲಿ ಕೊರತೆ ಇರುವುದು ಫೈಲ್‌ಗಳದ್ದಲ್ಲ, ಐನೋಟಿಫೈದು. ಫೈಲ್ ಬದಲಾದರೆ ಪ್ರೋಗ್ರಾಮ್‌ಗೆ ತಿಳಿಸುವ ಲಿನಕ್ಸ್ ವ್ಯವಸ್ಥೆ ಅದು. ಒಬ್ಬ ಯೂಸರ್ ಎಷ್ಟು ಐನೋಟಿಫೈ ಇನ್‌ಸ್ಟೆನ್ಸ್ ತೆರೆಯಬಹುದು ಅನ್ನುವುದಕ್ಕೆ ಕರ್ನಲ್‌ನಲ್ಲಿ ಮಿತಿ ಇದೆ, ಸಾಮಾನ್ಯವಾಗಿ 128. ಅದು ಮುಗಿದಾಗಲೂ ಕರ್ನಲ್ ಕೊಡುವುದು ಫೈಲ್ ಮಿತಿ ಮುಗಿದಾಗ ಕೊಡುವ ಅದೇ ಎರರ್ ಕೋಡ್. ಅದಕ್ಕೇ ಎಲ್ಲರೂ ಮೊದಲು ಯುಲಿಮಿಟ್ ಹಿಂದೆ ಹೋಗುತ್ತಾರೆ.

ಒಂದು ನೋಡ್‌ನಲ್ಲಿ ನಡೆದದ್ದು ನಾಲ್ಕರಲ್ಲಿ ಯಾಕೆ ನಡೆಯುತ್ತಿಲ್ಲ? ಕೈಂಡ್‌ನ ನೋಡ್ ಅಂದರೆ ಬೇರೆ ಯಂತ್ರ ಅಲ್ಲ, ಒಂದು ಡಾಕರ್ ಕಂಟೇನರ್. ಪ್ರತಿಯೊಂದರ ಒಳಗೂ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ, ಕಂಟೇನರ್ ಓಡಿಸುವ ಕಂಟೇನರ್‌ಡಿ, ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್ ಓಡುತ್ತವೆ. ಎಲ್ಲಕ್ಕೂ ಐನೋಟಿಫೈ ಬೇಕು, ಎಲ್ಲವೂ ಓಡುವುದು ರೂಟ್ ಹೆಸರಲ್ಲಿ, ಕರ್ನಲ್ ಮಾತ್ರ ನಿಮ್ಮ ಲ್ಯಾಪ್‌ಟಾಪ್‌ನ ಅದೇ ಒಂದು. ವಠಾರದ ನಾಲ್ಕು ಮನೆಗೆ ಒಂದೇ ನೀರಿನ ಟ್ಯಾಂಕ್ ಇದ್ದ ಹಾಗೆ. ಮೊದಲು ಎದ್ದವರ ಕೊಡ ತುಂಬುತ್ತದೆ, ಕೊನೆಯ ಮನೆಗೆ ಬರುವಷ್ಟರಲ್ಲಿ ನಲ್ಲಿ ಖಾಲಿ. ನಿಮ್ಮ ಕೊನೆಯ ಎರಡು ವರ್ಕರ್‌ಗಳಿಗೆ ಆಗಿರುವುದು ಇದೇ. ವಿಎಸ್ ಕೋಡ್ ಮುಚ್ಚಿದರೆ ಉಪಯೋಗ ಆಗದೇ ಇದ್ದದ್ದೂ ಇದಕ್ಕೇ. ಅದು ನಿಮ್ಮ ಹೆಸರಲ್ಲಿ ಓಡುತ್ತದೆ, ರೂಟ್‌ನ ಲೆಕ್ಕ ಬೇರೆ.

ಈಗ ಹೀಗೆ ಮಾಡಿ. ಕರ್ನಲ್ ಸೆಟ್ಟಿಂಗ್ ಓದುವ, ಬದಲಿಸುವ ಸಿಸ್‌ಸಿಟಿಎಲ್‌ನಿಂದ 'ಎಫ್‌ಎಸ್ ಡಾಟ್ ಐನೋಟಿಫೈ' ಅಡಿಯಲ್ಲಿರುವ 'ಮ್ಯಾಕ್ಸ್ ಯೂಸರ್ ಇನ್‌ಸ್ಟೆನ್ಸಸ್' ಓದಿ. 128 ಅಂತ ಬಂದರೆ 512 ಮಾಡಿ. ಜೊತೆಗೆ 'ಮ್ಯಾಕ್ಸ್ ಯೂಸರ್ ವಾಚಸ್' (ಕಣ್ಣಿಡಬಹುದಾದ ಫೈಲ್, ಫೋಲ್ಡರ್‌ಗಳ ಮಿತಿ) 524288 ಮಾಡಿ. ಕರ್ನಲ್ 5.11ರಿಂದ ವಾಚ್ ಮಿತಿ ರ‍್ಯಾಮ್ ನೋಡಿಕೊಂಡು ತಾನೇ ಏರುತ್ತದೆ, ಆದರೂ ಇರಲಿ. ಇನ್‌ಸ್ಟೆನ್ಸ್ ಮಿತಿ ಹಾಗೆ ಏರುವುದಿಲ್ಲ, ನಾವೇ ಏರಿಸಬೇಕು. ಎರಡು ಸಾಲನ್ನೂ ಇಟಿಸಿ ಒಳಗಿನ 'ಸಿಸ್‌ಸಿಟಿಎಲ್ ಡಾಟ್ ಡಿ' ಫೋಲ್ಡರ್‌ನಲ್ಲಿ ಒಂದು ಕಾನ್ಫ್ ಫೈಲ್ ಮಾಡಿ ಬರೆದಿಡಿ. ಇಲ್ಲಾಂದ್ರೆ ರೀಬೂಟ್ ಆದ ಕೂಡಲೇ ಮತ್ತೆ 128.

ಕ್ಲಸ್ಟರ್ ಅಳಿಸಬೇಡಿ. ಬಿದ್ದ ಎರಡು ಕ್ಯೂಬ್-ಪ್ರಾಕ್ಸಿ ಪಾಡ್ ಮಾತ್ರ ಡಿಲೀಟ್ ಮಾಡಿ, ಪ್ರತಿ ನೋಡ್‌ಗೂ ಒಂದು ಪಾಡ್ ಇರುವಂತೆ ನೋಡಿಕೊಳ್ಳುವ ಡೀಮನ್‌ಸೆಟ್ ತಾನೇ ಹೊಸದು ಹುಟ್ಟಿಸುತ್ತದೆ. ಸುಮ್ನೆ ಬಿಟ್ಟರೂ ಏಳುತ್ತವೆ, ಆದರೆ ಅಷ್ಟು ಸಲ ಬಿದ್ದ ಮೇಲೆ ಪ್ರತಿ ಪ್ರಯತ್ನದ ನಡುವೆ 5 ನಿಮಿಷ ಕಾಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

128 ಅಂತಲೇ ಇತ್ತು! 512 ಮಾಡಿ ಪಾಡ್ ಡಿಲೀಟ್ ಮಾಡಿದೆ. ಹತ್ತು ಸೆಕೆಂಡ್ ಒಳಗೆ ನಾಲ್ಕೂ 'ರನ್ನಿಂಗ್'. ತುಂಬಾ ಥ್ಯಾಂಕ್ಸ್ ಸರ್.

ಈಗ ಇನ್ನೊಂದು. ನಾನೇ ಬಿಲ್ಡ್ ಮಾಡಿದ 'ಲೆಕ್ಕ' ಅನ್ನುವ ಇಮೇಜ್ (ಕಂಟೇನರ್ ಹುಟ್ಟಿಸುವ ಪ್ಯಾಕೇಜ್) ಡಾಕರ್ ಪಟ್ಟಿಯಲ್ಲಿ ಕಾಣುತ್ತದೆ. ಕ್ಲಸ್ಟರ್‌ನಲ್ಲಿ ಮಾತ್ರ 'ಇಮೇಜ್ ಪುಲ್ ಬ್ಯಾಕ್ ಆಫ್', ಅಂದರೆ ಇಮೇಜ್ ತರಲು ಆಗುತ್ತಿಲ್ಲ. ಕೈಂಡ್‌ನ ಲೋಡ್ ಆದೇಶ ಕೊಟ್ಟರೆ 'ಕೈಂಡ್' ಹೆಸರಿನ ಕ್ಲಸ್ಟರ್‌ನಲ್ಲಿ ನೋಡ್‌ಗಳೇ ಇಲ್ಲ ಅನ್ನುತ್ತದೆ.

ಉತ್ತರ 2

ಇದರಲ್ಲಿ ಎರಡು ವಿಷಯ ಸೇರಿಕೊಂಡಿವೆ. ಹೆಸರು ಹೇಳದಿದ್ದರೆ ಅದು 'ಕೈಂಡ್' ಅನ್ನುವ ಕ್ಲಸ್ಟರನ್ನೇ ಹುಡುಕುತ್ತದೆ. ನಿಮ್ಮದು 'ಅಭ್ಯಾಸ' ಅಲ್ವಾ, ಲೋಡ್ ಮಾಡುವಾಗ ಆ ಹೆಸರು ಕೊಡಿ. ಆಗ ಇಮೇಜ್ ಪ್ರತಿ ನೋಡ್‌ನ ಒಳಗಿರುವ ಕಂಟೇನರ್‌ಡಿಗೂ ಹೋಗುತ್ತದೆ. ಡಾಕರ್‌ನಲ್ಲಿ ಇದ್ದ ಮಾತ್ರಕ್ಕೆ ಅದಕ್ಕೆ ಕಾಣುವುದಿಲ್ಲ.

ಇನ್ನೊಂದು, ಟ್ಯಾಗ್ (ಇಮೇಜ್‌ನ ಆವೃತ್ತಿಯ ಹೆಸರು) ಹಾಕಿದ್ದೀರಾ? ಹಾಕದಿದ್ದರೆ ಅದು 'ಲೇಟೆಸ್ಟ್'. ಲೇಟೆಸ್ಟ್ ಇದ್ದರೆ ಕುಬರ್ನೆಟಿಸ್ ಡೀಫಾಲ್ಟ್ ಆಗಿ ಪ್ರತಿ ಸಲವೂ ರಿಜಿಸ್ಟ್ರಿಯನ್ನು (ಇಮೇಜ್‌ಗಳನ್ನು ಇಡುವ ಸರ್ವರ್) ಕೇಳುತ್ತದೆ, ನೋಡ್‌ನಲ್ಲಿ ಇಮೇಜ್ ಇದ್ದರೂ ಅದನ್ನು ಕೇಳದೆ ಬಳಸುವುದಿಲ್ಲ. 'ವಿ1' ಅಂತ ಟ್ಯಾಗ್ ಕೊಟ್ಟು ಬಿಲ್ಡ್ ಮಾಡಿ, ಡಿಪ್ಲಾಯ್‌ಮೆಂಟ್‌ನಲ್ಲೂ ಅದನ್ನೇ ಬರೆಯಿರಿ.

ಪ್ರಶ್ನೆ ಕೇಳಿದವರು

ಟ್ಯಾಗ್ ಹಾಕಿರಲಿಲ್ಲ. 'ವಿ1' ಮಾಡಿ ಹೆಸರು ಕೊಟ್ಟು ಲೋಡ್ ಮಾಡಿದೆ. ಆರು ಪಾಡ್, ಮೂರು ವರ್ಕರ್, ತಲಾ ಎರಡು. ಆಮೇಲೆ ಒಂದು ವರ್ಕರ್‌ನ ಕಂಟೇನರನ್ನು ಡಾಕರ್‌ನಿಂದ ಸ್ಟಾಪ್ ಮಾಡಿದೆ. ಒಂದು ನಿಮಿಷದೊಳಗೆ ಅದು 'ನಾಟ್ ರೆಡಿ' ಆಯಿತು, ಆದರೆ ಪಾಡ್‌ಗಳು ಇನ್ನೂ ಅಲ್ಲೇ ಇವೆ. ಮತ್ತೆ ಏನಾದರೂ ಕೆಟ್ಟಿತಾ?

ಉತ್ತರ 2

ಇಲ್ಲ, ಕೆಟ್ಟಿಲ್ಲ. ನೋಡ್ ಕೈಕೊಟ್ಟರೆ ಪಾಡ್‌ಗಳು ಡೀಫಾಲ್ಟ್ ಆಗಿ 300 ಸೆಕೆಂಡ್ ಕಾಯುತ್ತವೆ. ಪಟ್ಟಿಯನ್ನು ವಾಚ್ ಹಾಕಿ ತೆರೆದಿಟ್ಟು ಒಂದು ಕಾಫಿ ಕುಡಿದು ಬನ್ನಿ.

ಪ್ರಶ್ನೆ ಕೇಳಿದವರು

ಬಂದವು! ಎರಡೂ ಪಾಡ್ ಉಳಿದ ವರ್ಕರ್‌ಗಳಲ್ಲಿ ಹೊಸದಾಗಿ ಎದ್ದವು. ಹಳೆಯವು 'ಟರ್ಮಿನೇಟಿಂಗ್' ಅಂತ ನಿಂತಿವೆ, ಈಗ ಆ ನೋಡ್ ಮತ್ತೆ ಸ್ಟಾರ್ಟ್ ಮಾಡಿ ನೋಡುತ್ತೇನೆ.